ಕೈಯಾರೆ ಕಟ್ಟಿದ ಗೂಡ್ಸ್ ವ್ಯಾಗನ್ ಸರಿಯಾಗಿ ಓಡುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಮಾದರಿ ರೈಲಿಗೆಂದು ಕಿಟ್ ಕೊಂಡು ಜೋಡಿಸಿದ ಪುಟ್ಟ ವ್ಯಾಗನ್ ಕೈಕೊಟ್ಟರೆ ಡಬ್ಬಿಯ ಜೊತೆ ಬಂದ ಸೂಚನೆಗಳನ್ನು ತೆರೆದು ನೋಡಬಹುದು. ಹಳೆಯ ನಕ್ಷೆ, ಹಳೆಯ ಫೋಟೊ ಮುಂದಿಟ್ಟುಕೊಂಡು ಸ್ಟೈರೀನ್ ಪ್ಲಾಸ್ಟಿಕ್ ಹಾಳೆ, ಮರದ ಪಟ್ಟಿ, ಹಿತ್ತಾಳೆ ತಂತಿಯಿಂದ ನಾವೇ ಕಟ್ಟಿದ್ದಕ್ಕೆ ಆ ಸೌಕರ್ಯ ಇಲ್ಲ. ಅದರ ದೋಷವನ್ನು ಲಕ್ಷಣದಿಂದಲೇ ಹುಡುಕಬೇಕು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಅಮೆರಿಕದ ಒಂದು ಹೆಸರಾಂತ ಮುಚ್ಚಿದ ಸರಕು ವ್ಯಾಗನ್, ಅಂದರೆ ಬಾಕ್ಸ್‌ಕಾರ್. ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಸರ್ಕಾರ ಖಾಸಗಿ ರೈಲುಗಳ ಆಡಳಿತವನ್ನು ವಹಿಸಿಕೊಂಡು, ಯುಎಸ್‌ಆರ್‌ಎ ಎಂಬ ಸಂಸ್ಥೆಯ ಮೂಲಕ 1918ರಲ್ಲಿ ಕೆಲವೇ ಕೆಲವು ಮಾದರಿಗಳಲ್ಲಿ ಸುಮಾರು ಒಂದು ಲಕ್ಷ ವ್ಯಾಗನ್‌ಗಳನ್ನು ಮಾಡಿಸಿತು. ಅದರಲ್ಲಿ 50 ಟನ್ ಸಾಮರ್ಥ್ಯದ ಬಾಕ್ಸ್‌ಕಾರ್‌ಗೆ ಉಕ್ಕಿನ ಆಧಾರಪಟ್ಟಿಗಳು ಹೊರಗೆ ಕಾಣುತ್ತವೆ, ಮರದ ಹಲಗೆಗಳು ಅವುಗಳ ಹಿಂದೆ ನಿಲ್ಲುತ್ತವೆ. ಅಸ್ಥಿಪಂಜರವೇ ಹೊರಗಿರುವುದರಿಂದ ಕಟ್ಟುವವರಿಗೆ ಇದು ಬಹಳ ಇಷ್ಟದ ಮಾದರಿ. ಅಳತೆಗಳೆಲ್ಲ ಎಚ್‌ಒ ಪ್ರಮಾಣದವು, ಅಂದರೆ ನಿಜವಾದ ರೈಲಿನ 87.1ರಲ್ಲಿ ಒಂದು ಪಾಲು (1:87.1), ಹಳಿಯ ಅಗಲ 16.5 ಮಿ.ಮೀ. ಬೋಗಿ ಎಂದು ಬರೆದಲ್ಲೆಲ್ಲ ವ್ಯಾಗನ್ನಿನ ಕೆಳಗಿನ ನಾಲ್ಕು ಗಾಲಿಯ ಚೌಕಟ್ಟು ಎಂದು ಓದಿಕೊಳ್ಳಿ.

ದೋಷ ಕಾಣಿಸಿಕೊಳ್ಳುವುದು ಗಾಲಿಯಲ್ಲಿ, ಇರುವುದು ಬಹಳ ಸಲ ತಳದ ಚೌಕಟ್ಟಿನಲ್ಲಿ. ಹಳಿ ತಪ್ಪಿದ ಕೂಡಲೇ ಗಾಲಿ ಬದಲಿಸುವವರು, ತೂಕ ತುಂಬುವವರು, ಬೋಗಿ ಕೂರುವ ತಳದ ಅಡ್ಡದೂಲವಾದ ಬೋಲ್‌ಸ್ಟರ್‌ಗೆ ಅರ ಹಾಕುವವರು ಒಂದು ದೋಷದ ಮೇಲೆ ಇನ್ನೊಂದನ್ನು ಹೇರುತ್ತಾರೆ. ಆಮೇಲೆ ಮೊದಲಿನದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಮೊದಲು ಅಳೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಓಡಿಸಿ ನೋಡಿ.

ಮೊದಲು ಮೇಜಿನ ಮೇಲೆ ಇರಬೇಕಾದ್ದು

ಅಂಗೈಗಿಂತ ದೊಡ್ಡದಾದ, ದಪ್ಪ ಗಾಜಿನ ಒಂದು ತುಂಡು (ಅಂಚು ಉಜ್ಜಿಸಿಕೊಳ್ಳಿ), ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಕ್ಯಾಲಿಪರ್, ಸಣ್ಣ ಸ್ಕ್ರೂಡ್ರೈವರ್, ದಿನಪತ್ರಿಕೆಯ ಕಿರಿದಾದ ಪಟ್ಟಿಗಳು. ಇವುಗಳ ಜೊತೆಗೆ ಎನ್‌ಎಂಆರ್‌ಎ ಗೇಜ್. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಮಾದರಿ ರೈಲು ಸಂಘದ ತಗಡಿನ ಗೇಜ್ ಗಾಲಿ, ಹಳಿ, ಹಳಿ ಎರಡಾಗುವ ಕವಲು ಎಲ್ಲವನ್ನೂ ಒಂದೇ ತುಂಡಿನಿಂದ ಪರೀಕ್ಷಿಸುತ್ತದೆ. ವ್ಯಾಗನ್ನುಗಳನ್ನು ಒಂದಕ್ಕೊಂದು ಕೂಡಿಸುವ ಕೊಂಡಿಯ, ಅಂದರೆ ಕಪ್ಲರಿನ ಎತ್ತರ ನೋಡುವ ಗೇಜ್ ಬೇರೆಯೇ ಬರುತ್ತದೆ, ಅದೂ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಯಾವ ಹಳಿಯಲ್ಲೂ ತೊಂದರೆ ಕೊಡದ ಇನ್ನೊಂದು ವ್ಯಾಗನ್. ಅದಿಲ್ಲದಿದ್ದರೆ ತಪ್ಪು ಹಳಿಯದೋ ವ್ಯಾಗನ್ನಿನದೋ ತೀರ್ಮಾನಿಸುವುದಕ್ಕೆ ಆಗುವುದೇ ಇಲ್ಲ.

ಹಳಿ ತಪ್ಪುತ್ತದೆ: ಎಲ್ಲಿ?

ಖರ್ಚಿಲ್ಲದ ಮೊದಲ ಪರೀಕ್ಷೆ ಇದು. ವ್ಯಾಗನ್ ಹಳಿ ತಪ್ಪಿದ ಜಾಗದ ಪಕ್ಕದಲ್ಲಿ ಪ್ರತಿ ಸಲವೂ ಪೆನ್ಸಿಲಿನಿಂದ ಗುರುತು ಹಾಕಿ. ಹತ್ತಾರು ಸುತ್ತಿನ ನಂತರ ಗುರುತುಗಳ ಹಂಚಿಕೆ ನೋಡಿ.

ಗುರುತೆಲ್ಲ ಒಂದೇ ಕಡೆ ಗುಡ್ಡೆಯಾಗಿದ್ದು, ಒಳ್ಳೆಯ ವ್ಯಾಗನ್ ಕೂಡ ಅಲ್ಲಿ ಅಲುಗಿದರೆ, ತಪ್ಪು ಹಳಿಯದು. ಜೋಡಣೆಯ ಕಡೆ ಬೆರಳ ತುದಿ ಸವರಿದರೆ ಮೆಟ್ಟಿಲು ತಾಗುತ್ತದೆ. ವ್ಯಾಗನ್ ಮುಟ್ಟಬೇಡಿ.

ಕವಲಿನ ಮಧ್ಯದಲ್ಲಿ, ಎರಡು ಹಳಿ ಕೂಡುವ ಫ್ರಾಗ್‌ನಲ್ಲಿ ಮಾತ್ರ ನೆಗೆದರೆ ಗಾಲಿಗಳ ನಡುವಿನ ಅಂತರ ನೋಡಿ. ಎರಡು ಗಾಲಿಯ ಒಳಮೈಗಳ ನಡುವೆ 14.4 ಮಿ.ಮೀ. ಆಸುಪಾಸು ಇರಬೇಕು. ಕಡಿಮೆಯಾದರೆ ಒಳಗಿನ ಕಾವಲು ಹಳಿಗೆ ಹತ್ತುತ್ತದೆ, ಹೆಚ್ಚಾದರೆ ಹೊರಗಿನ ಹಳಿಗೆ ಒತ್ತುತ್ತದೆ. ಲೋಹದ ಗಾಲಿಯಾದರೆ ಎರಡನ್ನೂ ಬೆರಳುಗಳಲ್ಲಿ ಹಿಡಿದು ತಿರುಚುತ್ತಾ ಎಳೆದರೆ ಅಚ್ಚಿನ ಮೇಲೆ ಸರಿಯುತ್ತದೆ. ಬೆರಳು ತಾಗಿದ ಮಾತ್ರಕ್ಕೇ ಸರಿಯುವಷ್ಟು ಸಡಿಲವಾಗಿದ್ದರೆ ಆ ಜೋಡಿಯನ್ನು ಪಕ್ಕಕ್ಕಿಟ್ಟುಬಿಡಿ. ಅಂಟು ಹಾಕಿ ಕೂರಿಸಿದ ಗಾಲಿ ಓಲಾಡದೆ ತಿರುಗುವುದು ಅಪರೂಪ.

ಗುರುತುಗಳು ತಿರುವಿನಲ್ಲಷ್ಟೇ ಇದ್ದರೆ ಮುಂದೆ ಅದಕ್ಕೆಂದೇ ಒಂದು ಭಾಗವಿದೆ. ನೇರ ಹಳಿಯಲ್ಲಿ, ತಿರುವಿನಲ್ಲಿ, ಎಲ್ಲೆಂದರಲ್ಲಿ ಚೆದುರಿದ್ದರೆ ಈಗಲೇ ಗಾಜಿನ ತುಂಡು ತೆಗೆದುಕೊಳ್ಳಿ.

ಗಾಜಿನ ಮೇಲೆ ಇಟ್ಟರೆ ಒಂದು ಮೂಲೆ ಕುಣಿಯುತ್ತದೆ

ಕೈಯಾರೆ ಕಟ್ಟಿದ ವ್ಯಾಗನ್ನಿನ ತೊಂದರೆಗಳಲ್ಲಿ ಹೆಚ್ಚಿನ ಪಾಲು ಇದರದ್ದೇ. ಹಾಗಾಗಿ ನಿಧಾನವಾಗಿ ನೋಡೋಣ.

ವ್ಯಾಗನ್ನನ್ನು ಗಾಜಿನ ಮೇಲೆ ನಿಲ್ಲಿಸಿ. ಎಂಟೂ ಗಾಲಿಗಳ ಕೆಳಗೆ ಪತ್ರಿಕೆಯ ಒಂದೊಂದು ಪಟ್ಟಿ ಸೇರಿಸಿ. ಈಗ ಒಂದೊಂದನ್ನೇ ಮೆಲ್ಲಗೆ ಎಳೆಯಿರಿ. ಭಾರ ಹೊತ್ತ ಗಾಲಿಯ ಕೆಳಗಿನ ಪಟ್ಟಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಇಲ್ಲವೇ ಹರಿಯುತ್ತದೆ. ಭಾರವಿಲ್ಲದ ಗಾಲಿಯ ಕೆಳಗಿನದು ಸಲೀಸಾಗಿ ಜಾರಿ ಬರುತ್ತದೆ. ಕಣ್ಣಿಗೆ ಎಂಟೂ ಗಾಲಿ ಗಾಜಿಗೆ ತಾಗಿದಂತೆ ಕಂಡರೂ ಈ ಪಟ್ಟಿ ನಿಜ ಹೇಳುತ್ತದೆ. ಭಾರವಿಲ್ಲದ ಗಾಲಿ ಹಳಿಯ ಚಿಕ್ಕ ಏರುತಗ್ಗಿಗೂ ತನ್ನ ಒಳಅಂಚಿನ ಏಣನ್ನು (ಫ್ಲ್ಯಾಂಜ್) ಎತ್ತಿ ಹಳಿ ಹತ್ತಿಬಿಡುತ್ತದೆ.

ಸಡಿಲವಾದ ಮೂಲೆ ಸಿಕ್ಕಿತು. ಈಗ ಎರಡು ಬೋಗಿಗಳನ್ನೂ ಬಿಚ್ಚಿ ಅದಲುಬದಲು ಮಾಡಿ, ಮತ್ತೆ ಪಟ್ಟಿ ಎಳೆಯಿರಿ. ಸಡಿಲ ಗಾಲಿಯೂ ಬೋಗಿಯ ಜೊತೆಗೇ ಇನ್ನೊಂದು ತುದಿಗೆ ಹೋದರೆ ಬೋಗಿ ತಿರುಚಿದೆ. ಅದೇ ಮೂಲೆಯಲ್ಲಿ ಉಳಿದರೆ ಮೈ ತಿರುಚಿದೆ. ಈ ಒಂದು ಅದಲುಬದಲಿನಿಂದ ಒಂದು ಸಂಜೆಯ ಊಹಾಪೋಹ ತಪ್ಪುತ್ತದೆ.

ಬೋಗಿ ತಿರುಚಿದ್ದರೆ, ಅದೊಂದನ್ನೇ ಗಾಜಿನ ಮೇಲಿಟ್ಟು ಖಚಿತ ಮಾಡಿಕೊಳ್ಳಿ. ಬದಿಚೌಕಟ್ಟು ಮತ್ತು ಅಡ್ಡಪಟ್ಟಿ ಬೇರೆ ಬೇರೆ ತುಂಡಾಗಿದ್ದರೆ ಬಿಡಿಸಿ, ಗಾಲಿ ಹಾಕಿಟ್ಟುಕೊಂಡೇ ಗಾಜಿನ ಮೇಲೆ ಮತ್ತೆ ಅಂಟಿಸಿ. ಒಂದೇ ತುಂಡಿನ ಎರಕವಾದರೆ ಹೊಸದು ಹಾಕುವುದೇ ಲೇಸು.

ಮೈ ತಿರುಚಿದ್ದರೆ ತಕ್ಷಣ ಗರಗಸ ಹಿಡಿಯಬೇಕಿಲ್ಲ. ಮೊದಲು ಬೋಗಿಯ ಸ್ಕ್ರೂ ನೋಡಿ. ನಾಲ್ಕು ಕಾಲಿನ ಸ್ಟೂಲು ಒರಟು ನೆಲದ ಮೇಲೆ ಕುಣಿಯುತ್ತದೆ, ಮೂರು ಕಾಲಿನದು ಕುಣಿಯುವುದಿಲ್ಲ. ವ್ಯಾಗನ್ನಿಗೂ ಮೂರೇ ಆಧಾರ ಕೊಡಬೇಕು. ಒಂದು ತುದಿಯ ಸ್ಕ್ರೂ ಬಿಗಿ ಮಾಡಿ: ಬೋಗಿ ಎಡಬಲ ತಿರುಗಬೇಕು, ಪಕ್ಕಕ್ಕೆ ಓಲಾಡಬಾರದು. ಇನ್ನೊಂದು ತುದಿಯ ಸ್ಕ್ರೂವನ್ನು ಕಾಲು ಸುತ್ತಿನಿಂದ ಅರ್ಧ ಸುತ್ತು ಬಿಡಿ: ಅಲ್ಲಿ ಬೋಗಿ ತಿರುಗಲೂಬೇಕು, ಓಲಾಡಲೂಬೇಕು. ಎರಡೂ ಬಿಗಿಯಾದರೆ ತಿರುಚು ಹಾಗೇ ಹಳಿಗೆ ಇಳಿಯುತ್ತದೆ, ಎರಡೂ ಸಡಿಲವಾದರೆ ವ್ಯಾಗನ್ ನಡೆಯುವಾಗ ತೂರಾಡುತ್ತದೆ.

ಸ್ಕ್ರೂ ಬಿಟ್ಟರೂ ಬೋಗಿ ಓಲಾಡದಿದ್ದರೆ, ಬೋಲ್‌ಸ್ಟರಿನ ತಳವೂ ಬೋಗಿಯ ಮೇಲ್ಮೈಯೂ ಅಗಲವಾಗಿ ಚಪ್ಪಟೆಯಾಗಿ ಕೂತಿವೆ ಎಂದರ್ಥ. ಆ ತುದಿಯಲ್ಲಿ ಮಾತ್ರ ಚಿಕ್ಕ ಸುತ್ತಳತೆಯ ತೆಳು ವಾಷರ್ ಒಂದನ್ನು ನಡುವೆ ಸೇರಿಸಿ. ತಾಗುವ ಜಾಗ ಕಿರಿದಾದಂತೆ ಓಲಾಟ ಬರುತ್ತದೆ. ವಾಷರ್ ಹಾಕಿದಷ್ಟೂ ಆ ತುದಿ ಎತ್ತರವಾಗುತ್ತದೆ ಎಂಬುದು ನೆನಪಿರಲಿ, ಕಪ್ಲರ್ ಭಾಗದಲ್ಲಿ ಅದು ಮತ್ತೆ ಎದುರಾಗುತ್ತದೆ.

ಇಷ್ಟಾದರೂ ಕುಣಿತ ನಿಲ್ಲದಿದ್ದರೆ ತಿರುಚಿನ ಪ್ರಮಾಣ ಅಳೆಯಿರಿ. ಬೋಗಿ ತೆಗೆದು, ಒಂದೇ ಎತ್ತರದ ಎರಡು ಕಡ್ಡಿಗಳ ಮೇಲೆ ಬೋಲ್‌ಸ್ಟರ್‌ಗಳನ್ನು ಕೂರಿಸಿ, ಎತ್ತಿ ನಿಂತ ಮೂಲೆಯ ಕೆಳಗೆ ಸ್ಟೈರೀನ್ ಚೂರುಗಳನ್ನು ಒಂದರ ಮೇಲೊಂದು ತೂರಿಸಿ. ಅರ್ಧ ಮಿ.ಮೀ. ಒಳಗಿದ್ದರೆ ಎತ್ತಿದ ಕಡೆಯ ಬೋಲ್‌ಸ್ಟರಿಗೆ ತೆಳುಹಾಳೆ ಅಂಟಿಸಿ ಸರಿದೂಗಿಸಬಹುದು. ಒಂದು ಮಿ.ಮೀ. ದಾಟಿದರೆ ತೇಪೆ ನಿಲ್ಲುವುದಿಲ್ಲ. ತಳವನ್ನು ಬದಿಗಳಿಂದ ಬಿಡಿಸಿ, ಮೈಯನ್ನು ಗಾಜಿನ ಮೇಲೆ ನಾಲ್ಕೂ ಮೂಲೆ ತಾಗುವಂತೆ ಭಾರ ಹೇರಿಟ್ಟು, ತಳವನ್ನು ಹೊಸದಾಗಿ ಅಂಟಿಸಬೇಕು. ಬಿಸಿನೀರಿನಲ್ಲಿ ಅದ್ದಿ ತಿರುಚು ಬಿಡಿಸುವ ದಾರಿಯನ್ನು ಕೆಲವರು ಹೇಳುತ್ತಾರೆ. ರಿವೆಟ್, ಹಲಗೆ ಗೆರೆ ಎಲ್ಲ ಕೂರಿಸಿ ಮುಗಿದ ಮೈಗೆ ನಾನದನ್ನು ಹೇಳಲಾರೆ, ತೆಳುವಾದ ಪಟ್ಟಿಗಳು ಮೊದಲು ಸೊಟ್ಟಗಾಗುತ್ತವೆ.

ತಿರುವಿನಲ್ಲಿ ಮಾತ್ರ ತಪ್ಪುತ್ತದೆ

ಬೋಗಿ ತಿರುಗುವಾಗ ಏನೋ ಅಡ್ಡ ಬರುತ್ತಿದೆ. ಯಾವುದೆಂದು ತಿಳಿಯಲು ಗಾಲಿಯ ಅಂಚಿಗೆಲ್ಲ ಮಾರ್ಕರ್ ಶಾಯಿ ಹಚ್ಚಿ, ಅದು ಆರುವ ಮೊದಲೇ ವ್ಯಾಗನ್ನನ್ನು ನಿಮ್ಮ ಹಳಿಯ ಅತಿ ಬಿಗಿ ತಿರುವಿನಲ್ಲಿ ಕೈಯಿಂದ ತಳ್ಳಿ. ತಿರುಗಿಸಿ ನೋಡಿದರೆ ತಳದಲ್ಲಿ ಶಾಯಿಯ ಗೆರೆ ಮೂಡಿರುತ್ತದೆ. ನಡುದೂಲದ ಅಂಚು, ಬ್ರೇಕಿನ ಸರಳು, ಮೂಲೆಯ ಮೆಟ್ಟಿಲು, ಈ ಮೂರರಲ್ಲೇ ಒಂದು ಸಾಮಾನ್ಯ.

ನಿಜವಾದ ರೈಲಿನ ತಿರುವುಗಳು ಬಹಳ ವಿಶಾಲ. ನಮ್ಮ 457 ಮಿ.ಮೀ. ತ್ರಿಜ್ಯದ ತಿರುವು ಆ ಲೆಕ್ಕದಲ್ಲಿ ಯಾವ ಬಾಕ್ಸ್‌ಕಾರಿಗೂ ಕಷ್ಟವಾಗುವಷ್ಟು ಬಿಗಿ. ಹಾಗಾಗಿ ನಕ್ಷೆಯ ಪ್ರಕಾರ ಬ್ರೇಕ್ ಸರಳುಗಳನ್ನೆಲ್ಲ ಕೂರಿಸಿದವರಿಗೇ ಈ ತೊಂದರೆ ಹೆಚ್ಚು. ಗಾಲಿಯ ದಾರಿಯಲ್ಲಿರುವ ಸರಳನ್ನು ಅರ್ಧ ಮಿ.ಮೀ. ಮೇಲಕ್ಕೆ ಬಗ್ಗಿಸಿದರೆ ಸಾಕು, ಕತ್ತರಿಸಿ ಹಾಕಬೇಡಿ. ನಡುದೂಲ ತಾಗುತ್ತಿದ್ದರೆ ಗಾಲಿ ಬರುವ ಜಾಗವನ್ನಷ್ಟೇ ಅರದಿಂದ ತೆಳುಮಾಡಿ. ಪಕ್ಕದಿಂದ ನೋಡುವವರಿಗೆ ಅದು ಕಾಣುವುದಿಲ್ಲ.

ತಳ್ಳಿದರೆ ಎರಡು ಗೇಣು ಹೋಗಿ ನಿಲ್ಲುತ್ತದೆ

ಒಂದು ಮೀಟರ್ ಹಳಿಯ ಒಂದು ತುದಿಯನ್ನು 2 ಸೆಂ.ಮೀ. ಎತ್ತಿ ವ್ಯಾಗನ್ ಬಿಡಿ. ತಾನಾಗಿ ಉರುಳಿ ಹೋಗಬೇಕು. ನಿಂತರೆ ಬೋಗಿಗಳನ್ನು ಬಿಚ್ಚಿ ಒಂದೊಂದನ್ನೇ ಉರುಳಿಸಿ.

ಒಂದು ಬೋಗಿ ಉರುಳಿ ಇನ್ನೊಂದು ನಿಂತರೆ ಅಚ್ಚಿನ ತುದಿ ನೋಡಿ. ಸೂಜಿಮೊನೆಯ ಅಚ್ಚು ಬದಿಚೌಕಟ್ಟಿನ ಕುಳಿಯಲ್ಲಿ ಕೂತಿರುತ್ತದೆ. ಕುಳಿಯಲ್ಲಿ ಬಣ್ಣವೋ ಅಂಟೋ ಸೇರಿದ್ದರೆ ಮರದ ಕಡ್ಡಿಯ ತುದಿ ಚೂಪು ಮಾಡಿ ತಿರುವಿ ತೆಗೆಯಿರಿ. ಅಚ್ಚನ್ನು ಅತ್ತಿತ್ತ ಸರಿಸಿದರೆ ಕೂದಲೆಳೆಯಷ್ಟು ಆಟ ಸಿಗಬೇಕು, ಇಲ್ಲದಿದ್ದರೆ ಅಚ್ಚು ಆ ಬೋಗಿಗೆ ಉದ್ದವಾಯಿತು. ಕುಳಿಯನ್ನು ಸ್ವಚ್ಛವಾಗಿ ಕೊರೆಯುವ ಚಿಕ್ಕ ಉಪಕರಣ ಸಿಗುತ್ತದೆ, ಎರಡು ಸುತ್ತು ಸಾಕು, ಹೆಚ್ಚು ತಿರುವಿದರೆ ವ್ಯಾಗನ್ನೇ ತಗ್ಗುತ್ತದೆ. ಎಣ್ಣೆ ಹಾಕುವುದು ಬೇಡ. ಧೂಳು ಹಿಡಿದು ತಿಂಗಳೊಪ್ಪತ್ತಿನಲ್ಲಿ ಇನ್ನೂ ಬಿಗಿಯಾಗುತ್ತದೆ, ಕೆಲವು ಎಣ್ಣೆ ಪ್ಲಾಸ್ಟಿಕ್ಕನ್ನೂ ಕೆಡಿಸುತ್ತದೆ. ಬೇಕೇಬೇಕೆಂದರೆ ಗ್ರಾಫೈಟ್ ಪುಡಿ.

ಬಿಡಿಬಿಡಿಯಾಗಿ ಎರಡು ಬೋಗಿಯೂ ಉರುಳಿ, ಮೈ ಕೂರಿಸಿದ ಮೇಲೆ ನಿಂತರೆ? ಗಾಲಿ ತಳಕ್ಕೆ ತಾಗುತ್ತಿದೆ. ಶಾಯಿಯ ಪರೀಕ್ಷೆಯನ್ನು ನೇರ ಹಳಿಯಲ್ಲೂ ಮಾಡಿ.

ಕಪ್ಲರ್ ಬಿಟ್ಟುಹೋಗುತ್ತದೆ, ಇಲ್ಲವೇ ಕವಲಿನಲ್ಲಿ ಸಿಕ್ಕಿಕೊಳ್ಳುತ್ತದೆ

ಅಮೆರಿಕದ ಎಚ್‌ಒ ವ್ಯಾಗನ್ನಿನಲ್ಲಿ ಕಪ್ಲರಿನ ಮಧ್ಯಭಾಗ ಹಳಿಯ ಮೇಲ್ಮೈಯಿಂದ 9.9 ಮಿ.ಮೀ. ಎತ್ತರದಲ್ಲಿರಬೇಕು. ಗೇಜಿಗೆ ತಾಗಿಸಿ ನೋಡುವುದು ಒಂದು ನಿಮಿಷದ ಕೆಲಸ.

ಎರಡೂ ತುದಿ ಒಂದೇ ಸಮ ತಗ್ಗಾಗಿದ್ದರೆ ಬೋಗಿ ಮತ್ತು ಬೋಲ್‌ಸ್ಟರ್ ನಡುವೆ ತೆಳು ವಾಷರ್ ಹಾಕಿ. 0.25 ಮಿ.ಮೀ. ದಪ್ಪದಿಂದ ಆರಂಭಿಸಿ. ಅದಕ್ಕೂ ಮೊದಲು ಗಾಲಿಯ ವ್ಯಾಸ ಅಳೆಯಿರಿ. ಈ ಕಾಲದ ವ್ಯಾಗನ್ನಿಗೆ 33 ಇಂಚಿನ ಗಾಲಿ, ಎಚ್‌ಒದಲ್ಲಿ 9.6 ಮಿ.ಮೀ. ಬೇರೆ ಅಳತೆಯದು ಸೇರಿಕೊಂಡಿದ್ದರೆ ವಾಷರ್ ಹಾಕುವುದು ತಪ್ಪು ಚಿಕಿತ್ಸೆ.

ಎರಡೂ ತುದಿ ಎತ್ತರವಾಗಿದ್ದರೆ ಮೈಯ ಬೋಲ್‌ಸ್ಟರಿಗೆ ಅರ ಹಾಕಬೇಕು. ಬೋಗಿಗೆ ಹಾಕಬೇಡಿ, ನಾಳೆ ಬೇರೆ ಬೋಗಿ ಕೂರಿಸಿದಾಗ ಲೆಕ್ಕವೆಲ್ಲ ತಪ್ಪುತ್ತದೆ. ಎರಡು ಎಳೆತ, ಒಂದು ಅಳತೆ, ಹೀಗೆ ಹೋಗಿ. ಸ್ಕ್ರೂ ಹಿಡಿಯುವಷ್ಟು ದಪ್ಪ ಉಳಿಯದು ಅನ್ನಿಸಿದ ಕ್ಷಣವೇ ನಿಲ್ಲಿಸಿ. ಆಗ ಸರಿಸಬೇಕಾದ್ದು ಕಪ್ಲರ್ ಪೆಟ್ಟಿಗೆಯನ್ನು.

ಒಂದೇ ತುದಿ ಜೋತುಬಿದ್ದಿದ್ದರೆ ಪೆಟ್ಟಿಗೆಯ ಮುಚ್ಚಳ ಸಡಿಲವಾಗಿದೆ. ಕಪ್ಲರ್ ಪಕ್ಕಕ್ಕೆ ತಳ್ಳಿ ಬಿಟ್ಟಾಗ ನಡುವಿಗೆ ಮರಳದಿದ್ದರೆ ಒಳಗೆ ಅಂಟು ಹರಿದಿದೆ. ಹಾಗಾಗಿ ಮುಚ್ಚಳವನ್ನು ಎಂದೂ ಅಂಟಿಸದೆ ಸ್ಕ್ರೂವಿನಲ್ಲೇ ಕೂರಿಸಬೇಕು. ಕಪ್ಲರಿನಿಂದ ಕೆಳಗೆ ಇಳಿಬಿದ್ದ ತಂತಿ ಹಳಿಯಿಂದ ಸುಮಾರು 0.8 ಮಿ.ಮೀ. ಮೇಲಿರಬೇಕು. ಕವಲಿನಲ್ಲಿ ಸಿಕ್ಕಿಕೊಳ್ಳುವುದು ಇದೇ ತಂತಿ.

ಇಲ್ಲಿ ಭಾರತದ ವ್ಯಾಗನ್ ಕಟ್ಟುವವರಿಗೆ ಒಂದು ಮಾತು. ನಮ್ಮ ಬ್ರಾಡ್‌ಗೇಜಿನಲ್ಲಿ ಖಾಲಿ ವ್ಯಾಗನ್ನಿನ ಕಪ್ಲರ್ ಎತ್ತರ 1105 ಮಿ.ಮೀ. ವರೆಗೆ ಇರಬಹುದು, 1:87ರಲ್ಲಿ ಅದು 12.7 ಮಿ.ಮೀ. ನಕ್ಷೆಯಂತೆ ಕಟ್ಟಿದ, ಕಲ್ಲಿದ್ದಲು ಸಾಗಿಸುವ ನಮ್ಮ ಮೇಲ್ತೆರೆದ ಬಾಕ್ಸ್‌ಎನ್ ವ್ಯಾಗನ್ ಅಮೆರಿಕದ ವ್ಯಾಗನ್ನಿಗೆ ಕೂಡದಿದ್ದರೆ ಅದು ದೋಷವಲ್ಲ, ಎರಡು ದೇಶಗಳ ಅಳತೆಯೇ ಬೇರೆ. ಬಾಕ್ಸ್‌ಎನ್‌ನ ಗಾಲಿ 1000 ಮಿ.ಮೀ., ಅಂದರೆ ಎಚ್‌ಒದಲ್ಲಿ 11.5. ಕೈಗೆ ಸಿಕ್ಕಿದ 9.6 ಮಿ.ಮೀ. ಗಾಲಿ ಹಾಕಿದರೆ ಸುಮಾರು ಒಂದು ಮಿ.ಮೀ. ತಗ್ಗುತ್ತದೆ, ನೋಟವೂ ಕುಗ್ಗುತ್ತದೆ. ಬೋಗಿಗಳು ಒಳಕ್ಕೆ ಸರಿದಂತೆ ಕಂಡರೆ ಅದರ ಕಾರಣ ಹಳಿ: 1676 ಮಿ.ಮೀ. ಬ್ರಾಡ್‌ಗೇಜಿಗೆ 19.2 ಮಿ.ಮೀ. ಹಳಿ ಬೇಕು, ನಾವು 16.5ರ ಮೇಲೆ ಓಡಿಸುತ್ತೇವೆ. ಹಳೆಯ ಮೈಸೂರು ಸೀಮೆಯ ಮೀಟರ್‌ಗೇಜ್ ವ್ಯಾಗನ್ ಕಟ್ಟುವವರು ಈ ವಿಷಯದಲ್ಲಿ ಅದೃಷ್ಟವಂತರು. 12 ಮಿ.ಮೀ. ಹಳಿ ಅದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. 1979ರಲ್ಲಿ ತೆರೆದ ಮೈಸೂರಿನ ರೈಲು ಮ್ಯೂಸಿಯಮ್ಮಿಗೆ ಹೋದರೆ ಹಳೆಯ ಬಂಡಿಗಳ ರಿವೆಟ್ ಸಾಲು, ಹಿಡಿಕೆಗಳನ್ನು ಹತ್ತಿರದಿಂದ ನೋಡಬಹುದು.

ಉದ್ದ ರೈಲಿನ ನಡುವೆ ಹಾಕಿದರೆ ತಿರುವಿನಲ್ಲಿ ಒಳಕ್ಕೆ ಬೀಳುತ್ತದೆ

ಹಗುರವಾಗಿದೆ. ಎಚ್‌ಒಗೆ ಎನ್‌ಎಂಆರ್‌ಎ ಶಿಫಾರಸು ಹೀಗಿದೆ: ಮೊದಲು ಒಂದು ಔನ್ಸ್, ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಬಾಕ್ಸ್‌ಕಾರಿನ ಉದ್ದ ಐದೂವರೆ ಇಂಚು ದಾಟುವುದರಿಂದ ಸುಮಾರು 110 ಗ್ರಾಂ ಬರುತ್ತದೆ. ತೂಕ ತಳದಲ್ಲಿ, ಎರಡು ಬೋಲ್‌ಸ್ಟರಿನ ಮೇಲೆ ಸಮನಾಗಿ ಇರಲಿ. ಆದರೆ ಗಾಜಿನ ಪರೀಕ್ಷೆ ಪಾಸಾಗದ ವ್ಯಾಗನ್ನಿಗೆ ತೂಕ ತುಂಬಬೇಡಿ. ತಿರುಚಿದ ವ್ಯಾಗನ್ ಭಾರವಾದರೆ ಹಳಿ ತಪ್ಪುವಾಗ ಅಕ್ಕಪಕ್ಕದ್ದನ್ನೂ ಎಳೆದುಕೊಂಡು ಬೀಳುತ್ತದೆ.

ಹಳಿಯಲ್ಲಿ ಕಪ್ಲರ್ ಬಿಡಿಸುವ ಅಯಸ್ಕಾಂತದ ಅನ್‌ಕಪ್ಲರ್ ಹೂತಿದ್ದರೆ ಕಬ್ಬಿಣದ ತೂಕ, ಕಬ್ಬಿಣದ ಅಚ್ಚು ಇರುವ ವ್ಯಾಗನ್ ಅದರ ಮೇಲೆ ತಾನಾಗಿ ಜಗ್ಗುತ್ತದೆ. ಇಂಥ ಕಡೆ ಹಿತ್ತಾಳೆ ಒಳ್ಳೆಯದು.

ವರ್ಷಗಳ ನಂತರ ತಳ ಉಬ್ಬಿದೆ, ಅಂಟು ಬಿಟ್ಟಿದೆ

ಒಳಗೆ ಸೀಸದ ಗುಂಡುಗಳನ್ನು ಸುರಿದು ಬಿಳಿ ಮರಗೆಲಸದ ಅಂಟಿನಿಂದ ಕೂರಿಸಿದ್ದೀರಾ? ಹಾಗಿದ್ದರೆ ಮುಂದೆ ಓದುವ ಮೊದಲು ಕೈಗವಸು ತೆಗೆದುಕೊಳ್ಳಿ.

ಆ ಅಂಟಿನಿಂದ ಹೊರಬರುವ ಅಸಿಟಿಕ್ ಆಮ್ಲದ ಆವಿ, ಮುಚ್ಚಿದ ಪೆಟ್ಟಿಗೆಯೊಳಗೆ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಸೀಸವನ್ನು ನಿಧಾನವಾಗಿ ತಿನ್ನುತ್ತದೆ. ಗುಂಡುಗಳ ಮೇಲೆ ಬಿಳಿ ಪುಡಿ ಬೆಳೆಯುತ್ತದೆ. ಅದು ಲೋಹಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಸ್ಟೈರೀನ್ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಹೊರಗಿನಿಂದ ಮೊದಲು ಕಾಣುವುದು ತಳದ ಅಂಚಿನಲ್ಲಿ ಕೂದಲಿನಂಥ ಸೀಳು, ಆಮೇಲೆ ಉಬ್ಬು, ಕೊನೆಗೆ ಮೂಲೆ ಬಾಯಿಬಿಡುವುದು.

ಈ ಬಿಳಿ ಪುಡಿ ವಿಷ. ಊದಬೇಡಿ, ಒಣಗಿದ್ದಾಗ ಉಜ್ಜಬೇಡಿ, ಗುಡಿಸಬೇಡಿ. ಮಕ್ಕಳು ಮತ್ತು ಬಸುರಿಯರು ಇರುವ ಮನೆಯಲ್ಲಿ ಅದನ್ನು ತೆರೆಯಲೇಬೇಡಿ. ತೆರೆಯುವುದೇ ಆದರೆ ಹೊರಗೆ, ಕೈಗವಸು ಮತ್ತು ಮಾಸ್ಕ್ ಹಾಕಿ, ಒದ್ದೆ ಬಟ್ಟೆ ಹಾಸಿ, ಗುಂಡುಗಳನ್ನೂ ಬಟ್ಟೆಯನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಿ, ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಿ. ಕೈ ತೊಳೆಯದೆ ಏನನ್ನೂ ತಿನ್ನಬೇಡಿ. ಹಳಿಯಲ್ಲಿ ಅಯಸ್ಕಾಂತ ಇಲ್ಲದಿದ್ದರೆ ಹೊಸ ತೂಕಕ್ಕೆ ಕಾರಿನ ಗಾಲಿಗೆ ಅಂಟಿಸುವ ಉಕ್ಕಿನ ಬಿಲ್ಲೆಯೋ ನಟ್ಟುಗಳೋ ಸಾಕು. ಹಿಡಿಸಲು ಎಪಾಕ್ಸಿ.

ಬದಿಗಳು ಒಳಕ್ಕೆ ಬಾಗಿವೆ

ಕಟ್ಟಿದ ದಿನ ನೇರವಾಗಿದ್ದು ಕೆಲವು ವಾರಗಳಲ್ಲಿ ಆಧಾರಪಟ್ಟಿಗಳ ನಡುವೆ ಹಲಗೆಮೈ ಒಳಕ್ಕೆ ಸೆಳೆದಂತಾದರೆ, ದ್ರಾವಕ ಒಳಗೆ ಸಿಕ್ಕಿಕೊಂಡಿದೆ. ಸ್ಟೈರೀನ್ ಅಂಟು ಅಂಟಿಸುವುದು ಪ್ಲಾಸ್ಟಿಕ್ಕನ್ನು ಕರಗಿಸಿ. ಎರಡು ಹಾಳೆಗಳನ್ನು ಮುಖಾಮುಖಿ ಪೂರ್ತಿ ಅಂಟಿಸಿದರೆ ನಡುವಿನ ದ್ರಾವಕಕ್ಕೆ ಹೊರಗೆ ಹೋಗಲು ದಾರಿಯಿಲ್ಲ, ವಾರಗಟ್ಟಲೆ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತಲೇ ಇರುತ್ತದೆ.

ಮೊದಲ ಉಪಾಯ ಸುಲಭ: ತಳಕ್ಕೆ ಎರಡು ಮೂರು ರಂಧ್ರ ಕೊರೆದು ಗಾಳಿಯಾಡುವ ಕಡೆ ಇಟ್ಟು ಕಾಯಿರಿ. ಬಾಗುವುದು ಅಲ್ಲಿಗೆ ನಿಂತರೆ ಒಳಗೆ ಅಡ್ಡಗೋಡೆ ಕೂರಿಸಿ ಹೊರಕ್ಕೆ ತಳ್ಳಬಹುದು. ಮುಂದುವರಿದರೆ ಬದಿಯನ್ನು ಹೊಸದಾಗಿ ಮಾಡುವುದೇ ದಾರಿ. ಹೊಸದಕ್ಕೆ ಒಳಹಾಳೆಯಲ್ಲಿ ಮೊದಲೇ ರಂಧ್ರಗಳನ್ನು ಕೊರೆದಿಟ್ಟುಕೊಂಡು, ಅಂಟನ್ನು ಅಂಚು ಮತ್ತು ರಂಧ್ರಗಳ ಮೂಲಕ ಮಾತ್ರ ಹರಿಸಿ.

ಮಳೆಗಾಲದಲ್ಲಿ ಬಾಗಿ ಬೇಸಿಗೆಯಲ್ಲಿ ಸರಿಯಾಗುತ್ತಿದ್ದರೆ ಕಾರಣ ಮರ. ಮರ ನಾರಿನ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಸ್ಟೈರೀನಿಗೆ ತೇವದ ಪರಿವೆಯೇ ಇಲ್ಲ. ಮಂಗಳೂರು, ಉಡುಪಿ ಕಡೆಯವರು ಸ್ಟೈರೀನ್ ಮೈಗೆ ಮರದ ತಳವನ್ನು ಅಂಚಿನವರೆಗೂ ಬಿಗಿದು ಅಂಟಿಸಲೇಬಾರದು. ನಡುಗೆರೆಯಲ್ಲಿ ಮಾತ್ರ ಅಂಟಿಸಿ, ಎರಡೂ ಬದಿಗೆ ಕೂದಲೆಳೆ ಸಂದು ಬಿಡಿ, ಮರದ ಎರಡೂ ಮೈಗೆ ವಾರ್ನಿಷ್ ಹಚ್ಚಿ.

ಅಂಟಿನ ಬಗ್ಗೆ ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಈ ದ್ರಾವಕಗಳಲ್ಲಿ ಹೆಚ್ಚಿನವು ಬೆಂಕಿ ಹಿಡಿಯುತ್ತವೆ, ಡೈಕ್ಲೋರೋಮೀಥೇನ್ ಇರುವವುಗಳ ಆವಿ ಇನ್ನಷ್ಟು ಅಪಾಯ. ಕಿಟಕಿ ತೆರೆದು, ಫ್ಯಾನ್ ಆವಿಯನ್ನು ಹೊರಕ್ಕೆ ತಳ್ಳುವಂತೆ ಇಟ್ಟು ಕೆಲಸ ಮಾಡಿ. ದೇವರ ದೀಪ, ಸೊಳ್ಳೆಬತ್ತಿ ಹತ್ತಿರ ಇರಬಾರದು. ತಲೆ ಸುತ್ತಿದರೆ, ಹೊಟ್ಟೆ ತೊಳಸಿದರೆ ಎದ್ದು ಹೊರಗೆ ಹೋಗಿ, ಅಂದಿನ ಕೆಲಸ ಅಲ್ಲಿಗೆ ಮುಗಿಯಿತು. ಗಾಳಿಗೆ ಬಂದರೂ ಕಡಿಮೆಯಾಗದಿದ್ದರೆ ವೈದ್ಯರ ಬಳಿ ಹೋಗಿ, ಅಂಟಿನ ಶೀಶೆಯನ್ನೂ ಒಯ್ಯಿರಿ.

ಹಳಿಗಿಟ್ಟ ಕೂಡಲೇ ರೈಲೇ ನಿಂತುಬಿಡುತ್ತದೆ

ಶಾರ್ಟ್ ಆಗುತ್ತಿದೆ. ಮೊದಲು ವಿದ್ಯುತ್ ಆರಿಸಿ. ಮಲ್ಟಿಮೀಟರಿನಲ್ಲಿ ಪ್ರತಿ ಅಚ್ಚಿನ ಎರಡು ಗಾಲಿಗಳ ನಡುವೆ ಸಂಪರ್ಕವಿಲ್ಲವೆಂದು ನೋಡಿ. ಅಚ್ಚುಗಳೆಲ್ಲ ಸರಿಯಿದ್ದು ಬೋಗಿ ಲೋಹದ್ದಾಗಿದ್ದರೆ, ಒಂದು ಅಚ್ಚನ್ನು ತಿರುಗುಮುರುಗು ಹಾಕಿರುತ್ತೀರಿ. ಇನ್ಸುಲೇಷನ್ ಇರುವ ಗಾಲಿಗಳೆಲ್ಲ ಒಂದೇ ಬದಿಗೆ ಬರಬೇಕು. ತಳ ಹಿತ್ತಾಳೆಯದಾದರೆ ಎರಡೂ ಬೋಗಿಗಳಿಗೆ ಸೇರಿಸಿ ಇದೇ ನಿಯಮ.

ಓಡುವುದು ಚೆನ್ನಾಗಿದೆ, ನೋಡಲು ಏನೋ ಸರಿಯಿಲ್ಲ

ಮೊದಲು ಉದ್ದ. ಬಾಕ್ಸ್‌ಕಾರಿನ ವಿವರದಲ್ಲಿ 40 ಅಡಿ 6 ಇಂಚು ಎಂದು ಕೊಟ್ಟಿರುವುದು ಒಳಗಿನ ಉದ್ದ. ಅದನ್ನೇ ಹೊರಮೈ ಎಂದು ತಿಳಿದು 141.7 ಮಿ.ಮೀ.ಗೆ ಹಾಳೆ ಕತ್ತರಿಸಿದರೆ ಎಲ್ಲ ಫಲಕಗಳೂ ಒಂದಿಷ್ಟು ಕುಗ್ಗಿ, ಬಾಗಿಲು ದಪ್ಪಗೆ ಕಾಣುತ್ತದೆ. ನಕಲು ಯಂತ್ರದಿಂದ ತೆಗೆದ ನಕ್ಷೆಯಾದರೆ ಉದ್ದಕ್ಕೂ ಎತ್ತರಕ್ಕೂ ಬೇರೆ ಬೇರೆ ಅಳೆದು ನೋಡಿ, ಎರಡೂ ಒಂದೇ ಪ್ರಮಾಣದಲ್ಲಿ ಇರಬೇಕೆಂದೇನೂ ಇಲ್ಲ. ಅಂಕಿ ಬರೆದಿದ್ದರೆ ಅಂಕಿಯನ್ನು ನಂಬಿ, ಗೆರೆಯನ್ನಲ್ಲ.

ಎರಡನೆಯದು ಏಣಿ ಮತ್ತು ಹಿಡಿಕೆಗಳ ಜಾಗ. ಅಮೆರಿಕದಲ್ಲಿ 1893ರ ಸುರಕ್ಷತಾ ಕಾಯ್ದೆಯ ಬೆನ್ನಿಗೆ 1911ರಲ್ಲಿ ಹೊರಟ ಆದೇಶ ಇವುಗಳ ಸ್ಥಾನವನ್ನು ನಿಗದಿ ಮಾಡಿತು. ಬದಿಗೆ ಎದುರಾಗಿ ನಿಂತರೆ ಏಣಿ ನಿಮ್ಮ ಬಲತುದಿಯಲ್ಲಿ, ವ್ಯಾಗನ್ನಿನ ತುದಿಗೆ ಎದುರಾಗಿ ನಿಂತರೆ ಎಡಕ್ಕೆ. ಒಂದು ಬದಿ ಮುಗಿಸಿ, ಇನ್ನೊಂದನ್ನು ಅದರ ಕನ್ನಡಿ ಬಿಂಬದಂತೆ ಮಾಡಿದವರಿಗೆ ಇದೇ ತಪ್ಪುತ್ತದೆ. ಎರಡೂ ಬದಿ ಒಂದೇ ಥರ ಇರಬೇಕು, ವ್ಯಾಗನ್ನನ್ನು ಅರ್ಧ ಸುತ್ತು ತಿರುಗಿಸಿದರೆ ಅದೇ ನೋಟ ಮತ್ತೆ ಬರಬೇಕು. ಕೈಬ್ರೇಕಿನ ಚಕ್ರ ಮಾತ್ರ ಒಂದೇ ತುದಿಯಲ್ಲಿ, ಆ ತುದಿಯನ್ನೇ ಬಿ ಎನ್ನುತ್ತಾರೆ.

ಆಮೇಲೆ ಕಾಲ. ವ್ಯಾಗನ್ 1918ರದ್ದು, ಆದರೆ ನೀವು ತೋರಿಸುತ್ತಿರುವ ವರ್ಷ ಯಾವುದು? ಕೆ ಎಂಬ ಹಳೆಯ ಗಾಳಿಬ್ರೇಕಿನಲ್ಲಿ ಸಿಲಿಂಡರ್, ಗಾಳಿಯ ಟ್ಯಾಂಕು ಕೂಡಿ ಒಂದೇ ಮುದ್ದೆಯಾಗಿ ಕಾಣುತ್ತವೆ. 1933ರಿಂದ ಹೊಸ ವ್ಯಾಗನ್‌ಗಳಿಗೆ ಬಂದ ಎಬಿ ಬ್ರೇಕಿನಲ್ಲಿ ಮೂರು ಬೇರೆ ಬೇರೆ ತುಂಡುಗಳು. 1925ರ ಬಣ್ಣ ಬಳಿದು ಎಬಿ ತುಂಡುಗಳನ್ನು ತೂಗುಹಾಕಿದರೆ ಬಲ್ಲವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಕೊನೆಯದು ರಿವೆಟ್. ನಿಜವಾದ ರಿವೆಟ್ ತಲೆ ಒಂದೂಕಾಲು ಇಂಚಿನಷ್ಟು, ಎಚ್‌ಒದಲ್ಲಿ 0.4 ಮಿ.ಮೀ.ಗಿಂತ ಕಡಿಮೆ. ಅದಕ್ಕಿಂತ ದಪ್ಪವಾದರೆ ವ್ಯಾಗನ್ ಆಟಿಕೆಯಂತಾಗುತ್ತದೆ. ಸರಿಪಡಿಸುವುದಾದರೆ ಆ ಪಟ್ಟಿಯನ್ನೇ ಕಿತ್ತು ಹೊಸದು ಹಾಕಿ, ರಿವೆಟ್ಟುಗಳನ್ನು ಕೆತ್ತಿ ತೆಳುಮಾಡಲು ಹೋಗಬೇಡಿ.

ಬಣ್ಣ ಸಿಪ್ಪೆಯೇಳುವುದಕ್ಕೆ ಬೆರಳಿನ ಜಿಡ್ಡು ಸಾಮಾನ್ಯ ಕಾರಣ. ಸೋಪುನೀರಿನಲ್ಲಿ ತೊಳೆದು ಒಣಗಿಸಿ ಬಳಿಯಿರಿ. ನೀರಿನಲ್ಲಿ ನೆನೆಸಿ ಕೂರಿಸುವ ಅಕ್ಷರಗಳ ತೆಳುಪೊರೆಯ (ಡೀಕಲ್) ಸುತ್ತ ಬೆಳ್ಳಿಹೊಳಪು ಕಂಡರೆ ಅಡಿಯಲ್ಲಿ ಗಾಳಿ ಇದೆ. ಸೂಜಿಯಿಂದ ಚುಚ್ಚಿ ಡೀಕಲ್ ದ್ರಾವಣ ಹಚ್ಚಿ, ಮುಂದಿನ ಸಲ ಮೊದಲು ಹೊಳಪಿನ ವಾರ್ನಿಷ್ ಹಾಕಿ ಡೀಕಲ್ ಕೂರಿಸಿ.

ಯಾವಾಗ ಕೈಬಿಟ್ಟು ಕೇಳಬೇಕು

ಗಾಜಿನ ಪರೀಕ್ಷೆ, ಗಾಲಿ ಗೇಜ್, ಕಪ್ಲರ್ ಎತ್ತರ, ತೂಕ ನಾಲ್ಕೂ ಸರಿಯಿದ್ದು ಇನ್ನೂ ಹಳಿ ತಪ್ಪುತ್ತಿದ್ದರೆ ಅದನ್ನು ಬೇರೊಬ್ಬರ ಹಳಿಯಲ್ಲಿ ಓಡಿಸಿ. ಅಲ್ಲಿ ಓಡಿದರೆ ನಿಮ್ಮ ಹಳಿಯ ಕೆಲಸ ಬಾಕಿ ಇದೆ. ಅಲ್ಲೂ ತಪ್ಪಿದರೆ ಅನುಭವಿಗಳಿಗೆ ತೋರಿಸಿ. ತೋರಿಸುವಾಗ ತಳದ ಫೋಟೊ, ಗ್ರಾಂನಲ್ಲಿ ತೂಕ, ಗಾಲಿಯ ವ್ಯಾಸ, ಹಳಿ ತಪ್ಪಿದ ಜಾಗಗಳ ಗುರುತು, ಈವರೆಗೆ ಏನೇನು ಬದಲಿಸಿದಿರಿ ಎಂಬ ಪಟ್ಟಿ ಜೊತೆಗಿರಲಿ. ರಿಪೇರಿಗೆ ಚಾಕು ಹಿಡಿದಾಗ ಒಂದೇ ಏಟಿಗೆ ಕತ್ತರಿಸಲು ಒತ್ತಬೇಡಿ, ಉಕ್ಕಿನ ಸ್ಕೇಲಿಗೆ ತಾಗಿಸಿ ಹಗುರವಾಗಿ ನಾಲ್ಕೈದು ಸಲ ಎಳೆಯಿರಿ, ಬ್ಲೇಡ್ ಮೊಂಡಾದ ಕೂಡಲೇ ಬದಲಿಸಿ. ತಳ ಬಿಡಿಸುವ ಹಂತಕ್ಕೆ ಬಂದಿದ್ದರೆ, ಮೈಯ ಮೇಲಿನ ಏಣಿ ಮತ್ತು ಹಿಡಿಕೆಗಳನ್ನು ಮೊದಲು ತೆಗೆದು ಡಬ್ಬಿಯಲ್ಲಿಟ್ಟು, ಆಮೇಲೆ ಬ್ಲೇಡ್ ತೂರಿಸಿ.